ಸರ್ಟಿಫಿಕೇಟು ಬಂತು, ಕೆಲಸ ಬಂತೇ?

ಕೋರ್ಸು ನೂರಕ್ಕೆ ನೂರು ಮುಗಿದಿದೆ ಎಂದು ಪರದೆ ಹೇಳುತ್ತದೆ. ಕೆಲವು ದಿನಗಳಲ್ಲಿ ಹೆಸರು, ಸಹಿ, ಕ್ಯೂಆರ್ ಕೋಡು ಎಲ್ಲ ಇರುವ ಸರ್ಟಿಫಿಕೇಟೂ ಇಳಿಯುತ್ತದೆ. ಅದರ ಪ್ರಿಂಟು ತೆಗೆದು ಫೈಲಿಗೆ ಸೇರಿಸಿದ್ದೂ ಆಯಿತು. ಮುಂದಿನ ವಾರ ಮುಖ್ಯೋಪಾಧ್ಯಾಯರು ಬಂದು, "ಟೀಚರ್, ಆರನೇ ತರಗತಿಯ ಘಟಕ ಪರೀಕ್ಷೆಯ ಅಂಕ ಕಂಪ್ಯೂಟರಿನ ಶೀಟಿನಲ್ಲಿ ಹಾಕಿ. ಯಾವ ಪ್ರಶ್ನೆಯಲ್ಲಿ ಎಷ್ಟು ಮಕ್ಕಳು ತಪ್ಪಿದ್ದಾರೆ ಅಂತ ನೋಡಿ ಕೊಡಿ" ಎಂದರೆ ಕೈ ಓಡುವುದಿಲ್ಲ. ಮುಂಬಯಿಯ ಕನ್ನಡ ಶಾಲೆಗಳ ಸ್ಟಾಫ್ ರೂಮಿನಲ್ಲಿ ಈ ಸಂಗತಿ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವವರು ಕಡಿಮೆ. ಆನ್‌ಲೈನ್ ತರಬೇತಿಯಲ್ಲಿ ಏನೂ ಇಲ್ಲ ಎಂದು ಇದರರ್ಥವಲ್ಲ. ವಿಡಿಯೋ ನೋಡಿ ಮುಗಿಸುವುದು ಒಂದು ಕೆಲಸ, ಅದರಲ್ಲಿದ್ದದ್ದನ್ನು ಕೈಗೆ ಹತ್ತಿಸಿಕೊಳ್ಳುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಹೊತ್ತು, ಬೇರೆ ಬೇರೆ ತಯಾರಿ ಬೇಕು.

ತರಬೇತಿಗೇನೂ ಬರವಿಲ್ಲ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ದೀಕ್ಷಾ ವೇದಿಕೆ 2017ರಲ್ಲಿ ಬಂತು. ನಿಷ್ಠಾ ತರಬೇತಿ 2019ರಲ್ಲಿ ಮುಖಾಮುಖಿಯಾಗಿ ಶುರುವಾಗಿ, ಕೊರೊನಾ ಕಾಲದಲ್ಲಿ ದೀಕ್ಷಾಕ್ಕೆ ಬಂದು, ಪ್ರಾಥಮಿಕ ಹಂತದ ಶಿಕ್ಷಕರಿಗೆ 18 ಕೋರ್ಸುಗಳಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕು ಎಂದಿತು. ಮಹಾರಾಷ್ಟ್ರದಲ್ಲಿ 12 ಮತ್ತು 24 ವರ್ಷದ ಸೇವೆಗೆ ಸಿಗುವ ವರಿಷ್ಠ ಶ್ರೇಣಿ, ನಿವಡ ಶ್ರೇಣಿ ಎಂಬ ಮೇಲಿನ ಸಂಬಳದ ಶ್ರೇಣಿಗಳ ತರಬೇತಿ 2022ರಲ್ಲಿ ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ವೇದಿಕೆಯಲ್ಲಿ ಆನ್‌ಲೈನಾಗಿ ನಡೆಯಿತು. ಸಂಬಳದ ಶ್ರೇಣಿಯೇ ಸರ್ಟಿಫಿಕೇಟಿನ ಮೇಲೆ ನಿಂತಿರುವಾಗ ಅದರ ಹಿಂದೆ ಓಡಬೇಡಿ ಎಂದು ಉಪದೇಶ ಮಾಡುವುದರಲ್ಲಿ ಅರ್ಥವಿಲ್ಲ. ಸಂಬಳಕ್ಕೆ ಬೇಕಾದ ಕೋರ್ಸನ್ನು ದಿನಾಂಕ ನೋಡಿಕೊಂಡು ಮುಗಿಸಿ. ಕೈಗೆ ಬೇಕಾದದ್ದನ್ನು ನೀವೇ ಆರಿಸಿ, ಅದಕ್ಕೆ ಬೇರೆಯೇ ಸಮಯ ಇಡಿ. ಎರಡನ್ನೂ ಒಂದೇ ಏಟಿಗೆ ಹೊಡೆಯಲು ಹೋದರೆ ಎರಡೂ ಅರ್ಧಂಬರ್ಧ.

ಮೊದಲನೆಯ ಬಗೆಯ ಕೋರ್ಸಿನಲ್ಲಿ ಕೆಡುವುದು ಪಾಠವಲ್ಲ, ಲಾಗಿನ್. ದೀಕ್ಷಾದಲ್ಲಿ ಒಮ್ಮೆ ಮೊಬೈಲ್ ನಂಬರಿನಿಂದ, ಇನ್ನೊಮ್ಮೆ ಗೂಗಲ್ ಖಾತೆಯಿಂದ ಒಳಗೆ ಹೋದರೆ ಅದು ನಿಮ್ಮನ್ನು ಇಬ್ಬರು ಶಿಕ್ಷಕರೆಂದು ಎಣಿಸುತ್ತದೆ. ಅರ್ಧ ಪ್ರಗತಿ ಇಲ್ಲಿ, ಅರ್ಧ ಅಲ್ಲಿ. ಖಾತೆಗಳನ್ನು ಒಂದುಗೂಡಿಸುವ ಸೌಲಭ್ಯ ಪ್ರೊಫೈಲಿನಲ್ಲಿದೆ. ಆದರೂ ಮೊದಲೇ ಒಂದು ಕಾಗದದಲ್ಲಿ ಯಾವ ಕೋರ್ಸು, ಯಾವ ಐಡಿ ಎಂದು ಬರೆದಿಟ್ಟುಕೊಳ್ಳುವುದು ಮೇಲು. ಸರ್ಟಿಫಿಕೇಟಿನಲ್ಲಿ ಬರುವುದು ಪ್ರೊಫೈಲಿನಲ್ಲಿರುವ ಹೆಸರು. ಗೂಗಲ್ ಖಾತೆಯನ್ನು ಮಗನೋ ಮಗಳೋ ಮಾಡಿಕೊಟ್ಟಿದ್ದರೆ ಅಲ್ಲಿ ಅವರಿಟ್ಟ ಅಡ್ಡಹೆಸರೇ ಕೂತಿರುತ್ತದೆ. ಸೇವಾ ಪುಸ್ತಕದಲ್ಲಿ ಹೇಗಿದೆಯೋ ಹಾಗೆ, ಮಧ್ಯದ ಹೆಸರು ಸಮೇತ, ಕೋರ್ಸಿಗೆ ಸೇರುವ ಮೊದಲೇ ಸರಿಮಾಡಿ. ಮದುವೆಗೆ ಮುಂಚಿನ ಹೆಸರು ಒಂದು ಕಡೆ, ನಂತರದ್ದು ಇನ್ನೊಂದು ಕಡೆ ಇರುವ ಶಿಕ್ಷಕಿಯರು ಇದನ್ನು ಎರಡು ಸಲ ನೋಡಬೇಕು.

ಪ್ರಗತಿ 94ಕ್ಕೋ 97ಕ್ಕೋ ಬಂದು ನಿಂತುಬಿಡುತ್ತದೆ ಎಂಬ ದೂರು ಎಲ್ಲೆಡೆ ಇದೆ. ಸಾಮಾನ್ಯವಾಗಿ ಕಾರಣ ಎರಡು. ಒಂದು, ಯಾವುದೋ ಪಿಡಿಎಫ್‌ನ ಕೊನೆಯ ಪುಟದವರೆಗೆ ಸರಿಸಿಲ್ಲ, ಅಥವಾ ವಿಡಿಯೋವನ್ನು ಮುಂದಕ್ಕೆ ಎಳೆದು ಕೊನೆಗೊಯ್ದಿದ್ದೀರಿ. ಎರಡು, ಇಳಿಸಿಕೊಂಡು ನೆಟ್ ಇಲ್ಲದೆ ನೋಡಿದ ಲೆಕ್ಕ ಫೋನಿನಲ್ಲೇ ಉಳಿದಿದೆ, ಸರ್ವರಿಗೆ ಹೋಗಿಲ್ಲ. ಲೋಕಲ್ ರೈಲಿನಲ್ಲಿ ನೋಡುವವರಿಗೆ ಆಗುವುದು ಇದೇ. ಮನೆಗೆ ಬಂದು ವೈಫೈ ಹಿಡಿದ ಮೇಲೆ ಕೋರ್ಸಿನ ಪುಟದ ಮೂರು ಚುಕ್ಕಿ ಒತ್ತಿ, ಪ್ರಗತಿಯನ್ನು ಸಿಂಕ್ ಮಾಡುವ ಆಯ್ಕೆ ಆರಿಸಿ. ಅದು ಮುಗಿಯುವ ಮೊದಲು ಆ್ಯಪ್ ತೆಗೆದುಹಾಕಿ ಮತ್ತೆ ಹಾಕಿದರೆ, ಕಳಿಸದ ಲೆಕ್ಕ ಹೋದಂತೆಯೇ. ಕೋರ್ಸಿನ ಕೊನೆಯ ಪರೀಕ್ಷೆಗೆ ಶೇ. 70 ಅಂಕದ ಷರತ್ತು ಇರುವುದು ಸಾಮಾನ್ಯ, ಪ್ರಯತ್ನಗಳಿಗೂ ಮಿತಿ ಇರುತ್ತದೆ. ಬ್ಯಾಚಿನ ಕೊನೆಯ ದಿನಾಂಕ ದಾಟಿದರೆ ಪಾಠಗಳು ಕಾಣುತ್ತವೆ, ಸರ್ಟಿಫಿಕೇಟು ಮಾತ್ರ ಬರುವುದಿಲ್ಲ. ಕೊನೆಯ ದಿನದ ರಾತ್ರಿ ಹನ್ನೊಂದಕ್ಕೆ ಸರ್ವರ್ ಮೇಲೆ ಎಲ್ಲರೂ ಒಟ್ಟಿಗೆ ಬೀಳುತ್ತಾರೆ. ಒಂದು ವಾರ ಮುಂಚೆ ಮುಗಿಸಿದವರಿಗೆ ಈ ತಲೆನೋವಿಲ್ಲ.

ಇಷ್ಟು ಗುಮಾಸ್ತಿಕೆಯ ಮಾತು. ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಶಿಕ್ಷಕರಿಗೆ ಇದರ ಮೇಲೆ ಭಾಷೆಯ ಗಂಟೂ ಇದೆ. ಬೃಹನ್ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. ಪುಣೆಯ ಬಾಲಭಾರತಿ, ಅಂದರೆ ರಾಜ್ಯದ ಪಠ್ಯಪುಸ್ತಕ ಮಂಡಳ, ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಮಾಡುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ತಾಲೂಕುಗಳ ಮಕ್ಕಳೂ ಓದುವುದು ಅದನ್ನೇ. ಆದರೆ ಜಿಆರ್, ಅಂದರೆ ಸರ್ಕಾರದ ಆದೇಶ, ಬರುವುದು ಮರಾಠಿಯಲ್ಲಿ, ತರಬೇತಿಯ ವಿಡಿಯೋ ಮರಾಠಿ ಅಥವಾ ಇಂಗ್ಲಿಷಿನಲ್ಲಿ, ಆ್ಯಪಿನ ಬಟನ್ನುಗಳು ಇಂಗ್ಲಿಷಿನಲ್ಲಿ, ತರಗತಿ ಕನ್ನಡದಲ್ಲಿ. ತಾಂತ್ರಿಕ ಕೆಲಸ ಕಲಿಯುವಾಗ ತಲೆ ಮೂರು ಕಡೆ ಹರಿದುಹೋಗುವುದು ಇಲ್ಲೇ.

ಇದಕ್ಕೆ ಒಂದು ಸುಲಭದ ಉಪಾಯ ದೀಕ್ಷಾದ ಒಳಗೇ ಇದೆ, ಬಳಸುವವರು ಕಮ್ಮಿ. ಪ್ರೊಫೈಲಿನಲ್ಲಿ ಮಂಡಳಿ ಮಹಾರಾಷ್ಟ್ರ, ಮಾಧ್ಯಮ ಕನ್ನಡ ಎಂದಿಟ್ಟರೆ ನಮ್ಮ ಪುಸ್ತಕದ ಕ್ಯೂಆರ್ ಕೋಡಿನ ಸಾಮಗ್ರಿ ಸಿಗುತ್ತದೆ. ಅದು ಕಡಿಮೆ ಎನಿಸಿದರೆ ಮಂಡಳಿಯನ್ನು ಕರ್ನಾಟಕಕ್ಕೆ ಬದಲಿಸಿ ನೋಡಿ. ಕನ್ನಡದಲ್ಲಿ ಗಣಿತ, ವಿಜ್ಞಾನದ ವಿಡಿಯೋಗಳು ಅಲ್ಲಿ ಹೆಚ್ಚು. ಪಾಠದ ಸಂಖ್ಯೆ, ಕ್ರಮ ಹೊಂದುವುದಿಲ್ಲ, ಆದ್ದರಿಂದ ಪಾಠದ ಹೆಸರಿನಿಂದ ಹುಡುಕಬೇಡಿ, ಪರಿಕಲ್ಪನೆಯಿಂದ ಹುಡುಕಿ: ದಶಮಾಂಶ, ದ್ಯುತಿಸಂಶ್ಲೇಷಣೆ, ಕೋನ. ಭಾಷೆ ಮತ್ತು ಪರಿಸರ ಅಧ್ಯಯನದಲ್ಲಿ ಇದು ಅಷ್ಟಾಗಿ ನಡೆಯುವುದಿಲ್ಲ. ಬೆಂಗಳೂರಿನ ಪಾಠದಲ್ಲಿ ಕಾವೇರಿ ಇರುತ್ತದೆ, ಧಾರಾವಿಯ ಹುಡುಗನಿಗೆ ಮಿಠಿ ನದಿ ಬೇಕು.

ಇನ್ನು ಕೈಗೆ ಬೇಕಾದ ಕಲಿಕೆ. ಇದರಲ್ಲಿ ಮುಂಬಯಿಯ ಮಟ್ಟಿಗೆ ಒಂದು ಒಳ್ಳೆಯ ಸಂಗತಿ ಪೊವಾಯಿಯಲ್ಲೇ ಇದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿಬ್ರೆ ಆಫೀಸ್‌ನಂಥ ಮುಕ್ತ ತಂತ್ರಾಂಶಗಳನ್ನು ಸುಮಾರು ಹತ್ತು ಹತ್ತು ನಿಮಿಷದ ವಿಡಿಯೋಗಳಲ್ಲಿ ಕಲಿಸುತ್ತದೆ. ಪರದೆ ಇಂಗ್ಲಿಷಿನದು, ದನಿ ಭಾರತೀಯ ಭಾಷೆಗಳದ್ದು, ಕನ್ನಡವೂ ಇದೆ. ಹೀಗೆ ಮಾಡಿದ್ದರಲ್ಲಿ ಬುದ್ಧಿವಂತಿಕೆ ಇದೆ. ಶಾಲೆಯ ಕಂಪ್ಯೂಟರಿನಲ್ಲಿ ಮೆನು ಇಂಗ್ಲಿಷಿನಲ್ಲೇ ಇರುತ್ತದೆ. ವಿಡಿಯೋದಲ್ಲಿ ಕಂಡ ಮೆನು, ಕಣ್ಣೆದುರಿನ ಮೆನು ಒಂದೇ ಆದರೆ ಕೈ ತಡವರಿಸುವುದಿಲ್ಲ, ಏಕೆ ಒತ್ತಬೇಕು ಎಂಬುದು ಕನ್ನಡದಲ್ಲಿ ಕಿವಿಗೆ ಬೀಳುತ್ತದೆ. ಬರೆದ ಪಾಠವನ್ನು ರೆಕಾರ್ಡು ಮಾಡುವ ಮೊದಲು ಆ ವಿಷಯ ಏನೂ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು, ಅವರಿಂದ ಆಗುತ್ತದೆಯೇ ಎಂದು ನೋಡುವ ಪದ್ಧತಿಯೂ ಅವರಲ್ಲಿದೆ. ಉಳಿದ ತರಬೇತಿಗಳನ್ನು ತಯಾರಿಸುವವರೂ ಇಷ್ಟೊಂದು ಮಾಡಿದ್ದರೆ ಎಂದು ಆಸೆಯಾಗುತ್ತದೆ.

ಸ್ಪೋಕನ್ ಟ್ಯುಟೋರಿಯಲ್‌ನವರು ಹೇಳುವ ವಿಧಾನ ಪಕ್ಕಪಕ್ಕದ್ದು: ಪರದೆಯ ಎಡಕ್ಕೆ ವಿಡಿಯೋ, ಬಲಕ್ಕೆ ತಂತ್ರಾಂಶ. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ ಹಿಡಿದು ಎಡಬಾಣ ಒತ್ತಿದರೆ ಒಂದು ಅರ್ಧಕ್ಕೆ ಕೂರುತ್ತದೆ, ಬಲಬಾಣ ಒತ್ತಿದರೆ ಇನ್ನೊಂದು. ಒಂದು ಹೆಜ್ಜೆ ನೋಡಿ, ನಿಲ್ಲಿಸಿ, ಮಾಡಿ, ನಂತರ ಮುಂದಿನದು. ಹತ್ತು ನಿಮಿಷದ ಪಾಠಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಫೋನಿನಲ್ಲಿ ವಿಡಿಯೋ, ಲ್ಯಾಪ್‌ಟಾಪಿನಲ್ಲಿ ಕೆಲಸ ಎಂದರೂ ಸರಿ, ಇನ್ನೂ ಅನುಕೂಲವೇ. ಫೋನೊಂದೇ ಇದ್ದು ಅದರಲ್ಲೇ ನೋಡಿ ಅದರಲ್ಲೇ ಮಾಡುವುದು ಮಾತ್ರ ಕಷ್ಟ. ಆ್ಯಪ್ ಬದಲಿಸುವಷ್ಟರಲ್ಲಿ ನೋಡಿದ್ದು ಮರೆತಿರುತ್ತದೆ. ಅಂಥ ಕಡೆ ಇಬ್ಬರು ಶಿಕ್ಷಕರು ಎರಡು ಫೋನು ಜೋಡಿಸಿ ಕೂರುವುದು ಒಳ್ಳೆಯದು. ಒಬ್ಬರದ್ದು ಓಡಲಿ, ಇನ್ನೊಬ್ಬರದ್ದರಲ್ಲಿ ಮಾಡಿ, ಮುಂದಿನ ಪಾಠಕ್ಕೆ ಅದಲುಬದಲು.

ನಿಲ್ಲಿಸುವ ಬಟನ್ನಿಗೆ ಇಷ್ಟು ಮಹತ್ವ ಕೊಡುವುದು ಬರೀ ತಂತ್ರಾಂಶದ ಪಾಠಕ್ಕಲ್ಲ. ಅದೇ ಐಐಟಿಯ ಶೈಕ್ಷಣಿಕ ತಂತ್ರಜ್ಞಾನ ವಿಭಾಗದವರು ಶಿಕ್ಷಕರ ಆನ್‌ಲೈನ್ ಕೋರ್ಸುಗಳಿಗೆಂದು ರೂಪಿಸಿದ ಮಾದರಿಯಲ್ಲಿ ವಿಡಿಯೋದ ನಡುವೆಯೇ ನಿಲ್ದಾಣಗಳಿರುತ್ತವೆ. ಪ್ರಶ್ನೆ ಕೇಳಿ, ನಿಲ್ಲಿಸಿ, ನಿಮ್ಮ ಉತ್ತರ ಬರೆದುಕೊಳ್ಳಿ, ಆಮೇಲೆ ಮುಂದುವರಿಸಿ ಎನ್ನುತ್ತಾರೆ. ನೀವು ನೋಡುವ ಕೋರ್ಸಿನಲ್ಲಿ ಅಂಥ ನಿಲ್ದಾಣ ಇಲ್ಲದಿದ್ದರೆ ನೀವೇ ಮಾಡಿಕೊಳ್ಳಬಹುದು: ಮಾತಾಡುವವರು 'ಈಗ ಒಂದು ಉದಾಹರಣೆ ನೋಡೋಣ' ಎಂದ ಕೂಡಲೇ ನಿಲ್ಲಿಸಿ, ನಿಮ್ಮ ತರಗತಿಯದೊಂದು ಉದಾಹರಣೆ ಬರೆದು, ಆಮೇಲೆ ಅವರದನ್ನು ನೋಡಿ. ವಿಡಿಯೋವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುವ ಅಭ್ಯಾಸ ಇರುವವರಿಗೆ ಇದು ರುಚಿಸದು.

ರೈಲಿನ ಹೊತ್ತನ್ನು ಬಿಡಬೇಕಾಗಿಲ್ಲ. ವಿರಾರದಿಂದಲೋ ಕಲ್ಯಾಣದಿಂದಲೋ ಬರುವವರಿಗೆ ದಿನಕ್ಕೆ ಎರಡು ಗಂಟೆ ಅಲ್ಲೇ ಹೋಗುತ್ತದೆ. ಆದರೆ ಅಲ್ಲಿಗೆ ಕೇಳುವ ಪಾಠ ಇಡಿ: ಮೌಲ್ಯಮಾಪನ ಎಂದರೇನು, ಎಲ್ಲ ಮಕ್ಕಳನ್ನೂ ಒಳಗೊಳ್ಳುವ ತರಗತಿ ಎಂದರೇನು. ಕೈಕೆಲಸದ ಪಾಠ ಮೇಜಿನ ಮುಂದೆಯೇ ಆಗಬೇಕು. ಹಗಲೆಲ್ಲ ಬೇರೆ ಕೆಲಸ ಮಾಡಿ ಸಂಜೆ ರಾತ್ರಿ ಶಾಲೆಯಲ್ಲಿ ಕಲಿಸುವವರಿಗೆ ನೇರ ವೆಬಿನಾರ್ ಕನಸಿನ ಮಾತು. ರೆಕಾರ್ಡಿಂಗ್ ಎಷ್ಟು ದಿನ ಇರುತ್ತದೆ ಎಂದು ಸೇರುವ ಮೊದಲೇ ಕೇಳಿಕೊಳ್ಳಿ.

ಏನು ಕಲಿಯಬೇಕು ಎಂಬ ಪಟ್ಟಿಗೆ ಕೊನೆಯಿಲ್ಲ. ಶಿಕ್ಷಕರ ಡಿಜಿಟಲ್ ಸಾಮರ್ಥ್ಯಗಳಿಗೆ ಯುನೆಸ್ಕೋ 2018ರಲ್ಲಿ ಪರಿಷ್ಕರಿಸಿದ ಚೌಕಟ್ಟಿನಲ್ಲಿ ಮೂರು ಹಂತಗಳ 18 ಸಾಮರ್ಥ್ಯಗಳಿವೆ. ಓದಲು ಚೆನ್ನಾಗಿದೆ, ಆದರೆ ಅದನ್ನು ಹಿಡಿದು ಒಂದರಿಂದ ಶುರುಮಾಡಿದವರು ಮೂರಕ್ಕೆ ನಿಲ್ಲುತ್ತಾರೆ. ಮುಂದಿನ ವಾರ ತರಗತಿಯಲ್ಲಿ ಬಳಸುವ ಒಂದು ವಸ್ತು ಮಾಡಿ, ಅದಕ್ಕೆ ಬೇಕಾದಷ್ಟನ್ನೇ ಕಲಿಯುವುದು ನನಗೆ ಸರಿ ಎನಿಸುವ ದಾರಿ. ಆ ಒಂದು ವಸ್ತುವಿಗೆ ನನ್ನ ಆಯ್ಕೆ: ಐದು ಪ್ರಶ್ನೆಯ ಒಂದು ಗೂಗಲ್ ಫಾರ್ಮ್, ಅಂದರೆ ಕೊಂಡಿ ಕಳಿಸಿ ಮಕ್ಕಳಿಂದ ಉತ್ತರ ತುಂಬಿಸಿಕೊಳ್ಳುವ ಆನ್‌ಲೈನ್ ಪ್ರಶ್ನೆಪತ್ರಿಕೆ. ಟೈಪಿಂಗ್, ಹಂಚಿಕೆ, ಶೀಟು, ಮೌಲ್ಯಮಾಪನ ನಾಲ್ಕೂ ಅದರೊಳಗೇ ಬಂದುಹೋಗುತ್ತವೆ.

ಮೊದಲು ಟೈಪಿಂಗ್. ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಅಕ್ಷರಗಳಲ್ಲಿ ಇರುವ ಪ್ರಶ್ನೆಪತ್ರಿಕೆಗಳು ಪ್ರತಿ ಶಾಲೆಯ ಕಂಪ್ಯೂಟರಿನಲ್ಲೂ ರಾಶಿ ಬಿದ್ದಿವೆ. ಅಲ್ಲಿಂದ ಎತ್ತಿ ಫಾರ್ಮಿನಲ್ಲಿ ಅಂಟಿಸಿದರೆ ಕನ್ನಡದ ಬದಲು ತಲೆಬಾಲವಿಲ್ಲದ ಲ್ಯಾಟಿನ್ ಚಿಹ್ನೆಗಳು ಬರುತ್ತವೆ. ಕಾರಣ ಸರಳ: ಆ ಕಡತದ ಒಳಗಿರುವುದು ಕನ್ನಡವಲ್ಲ, ಕನ್ನಡದಂತೆ ಕಾಣುವ ಫಾಂಟ್ ತೊಟ್ಟ ಇಂಗ್ಲಿಷ್ ಸಂಕೇತಗಳು. ಕಂಪ್ಯೂಟರು ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ದೀರ್ಘ, ಮೂರಕ್ಷರದ ಒತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ. ತಪ್ಪು ಆಗುವುದಿದ್ದರೆ ಅಲ್ಲಿ.

ಹೊಸದಾಗಿ ಟೈಪಿಂಗ್ ಕಲಿಯುವವರು ಯಾವ ಕೀಲಿಮಣೆ ಹಿಡಿಯಬೇಕು? ಕರ್ನಾಟಕದಲ್ಲಾದರೆ ಕಿನ್ನಿಕಂಬಳದ ಕೆ.ಪಿ. ರಾಯರ ವಿನ್ಯಾಸದ ಹೆಸರು ಮೊದಲು ಬರುತ್ತದೆ, ಬರಬೇಕಾದದ್ದೇ. ಆದರೆ ಮುಂಬಯಿಯ ಶಿಕ್ಷಕರು ಬೆಳಿಗ್ಗೆ ಕನ್ನಡದ ಪ್ರಶ್ನೆಪತ್ರಿಕೆ, ಮಧ್ಯಾಹ್ನ ಮರಾಠಿಯ ವರದಿ ಟೈಪು ಮಾಡುವವರು. ಅವರಿಗೆ ಇನ್‌ಸ್ಕ್ರಿಪ್ಟ್ ಲಾಭದ್ದು, ಏಕೆಂದರೆ ಅದರಲ್ಲಿ ಭಾರತದ ಲಿಪಿಗಳೆಲ್ಲ ಒಂದೇ ಜಾಗದಲ್ಲಿ ಕೂತಿವೆ. ಕನ್ನಡದ ಕ ಇರುವ ಕೀಲಿಯಲ್ಲೇ ದೇವನಾಗರಿಯ ಕ. ಎಡಗೈಗೆ ಸ್ವರಗಳು, ಬಲಗೈಗೆ ಹೆಚ್ಚಿನ ವ್ಯಂಜನಗಳು, ಇಂಗ್ಲಿಷಿನ ಡಿ ಕೀಲಿಯಲ್ಲಿ ಹಲಂತ, ಅಂದರೆ ಅಕ್ಷರದ ಸ್ವರ ತೆಗೆಯುವ ಚಿಹ್ನೆ. ಮರಾಠಿಗೆ ಬೇಕಿಲ್ಲದ ಹ್ರಸ್ವ ಎ ಮತ್ತು ಒ ಮಾತ್ರ ಮೂಲೆಗೆ ಸರಿದಿವೆ: ಒಂದು ಕೆಳಸಾಲಿನ ಝಡ್ ಕೀಲಿಯಲ್ಲಿ, ಇನ್ನೊಂದು ಅಂಕಿಗಳ ಸಾಲಿನ ಎಡತುದಿಯಲ್ಲಿ. ಮೊದಲ ವಾರ ಕಿರಿಕಿರಿ ಎನಿಸುತ್ತದೆ. ಫೋನಿನಲ್ಲಾದರೆ ದನಿಯಿಂದ ಬರೆಸುವುದೂ ಈಗ ಚೆನ್ನಾಗಿ ನಡೆಯುತ್ತದೆ. ಗದ್ದಲದ ಸ್ಟಾಫ್ ರೂಮಿನಲ್ಲಿ ನಡೆಯುವುದಿಲ್ಲ, ಅಷ್ಟೆ.

ಒಂದು ಸಣ್ಣ ಸಂಗತಿ: 'ಫೋನ್‌ನಲ್ಲಿ' ಎಂದು ಬರೆಯಹೊರಟರೆ ಕಂಪ್ಯೂಟರು ಎರಡು ನ ಸೇರಿಸಿ ಒತ್ತು ಮಾಡಿಬಿಡುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಿದರೆ ಮಾತ್ರ ಬಿಡಿಯಾಗಿ ನಿಲ್ಲುತ್ತದೆ. ವರ್ಡ್ ಅಥವಾ ಲಿಬ್ರೆ ಆಫೀಸಿನಲ್ಲಿ ಹಲಂತದ ಮುಂದೆ 200 ಎಂಬ ಅಂಕಿಗಳನ್ನೂ ಅದಕ್ಕೆ ತಾಗಿಸಿ ಇಂಗ್ಲಿಷಿನ ಸಿ ಅಕ್ಷರವನ್ನೂ ಟೈಪಿಸಿ, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಅದು ಬಂದು ಕೂರುತ್ತದೆ. ಈ ಕಾಣದ ಅಕ್ಷರ ಮುಂದೆ ಫಾರ್ಮಿನಲ್ಲಿ ಕಾಟ ಕೊಡುತ್ತದೆ, ನೆನಪಿರಲಿ.

ಫಾರ್ಮ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಕ್ವಿಜ್ ಎಂದು ಮಾಡಿಕೊಳ್ಳಿ. ಮೊದಲ ಪ್ರಶ್ನೆ ಹಾಜರಿ ಸಂಖ್ಯೆ. ಇದನ್ನು ಬರೆಯುವ ಪೆಟ್ಟಿಗೆಯಾಗಿ ಬಿಟ್ಟರೆ ಒಬ್ಬ 12 ಎಂದು ಬರೆಯುತ್ತಾನೆ, ಇನ್ನೊಬ್ಬಳು ೧೨ ಎಂದು, ಮತ್ತೊಬ್ಬ 'ರೋಲ್ ನಂ. 12' ಎಂದು. ಶೀಟಿನಲ್ಲಿ ಮೂವರೂ ಬೇರೆ ಬೇರೆ. ಡ್ರಾಪ್‌ಡೌನ್ ಕೊಟ್ಟು 1ರಿಂದ 40ರ ಪಟ್ಟಿ ಹಾಕಿ. ನಲವತ್ತು ಸಾಲು ಟೈಪಿಸಬೇಕಿಲ್ಲ, ಶೀಟಿನ ಒಂದು ಕಂಬದಲ್ಲಿ 1, 2 ಬರೆದು ಕೆಳಕ್ಕೆ ಎಳೆದರೆ 40ರವರೆಗೆ ತಾನೇ ತುಂಬಿಕೊಳ್ಳುತ್ತದೆ. ಅದನ್ನು ಕಾಪಿ ಮಾಡಿ ಮೊದಲ ಆಯ್ಕೆಯ ಜಾಗದಲ್ಲಿ ಅಂಟಿಸಿದರೆ ಸಾಲು ಸಾಲಾಗಿ ಬಂದುಬಿಡುತ್ತದೆ. ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿ ಹಾಕಬೇಡಿ. ಅದಕ್ಕೆ ಗೂಗಲ್ ಲಾಗಿನ್ ಬೇಕು, ಚಾಳಿನ ಒಂದು ಖೋಲಿಯಲ್ಲಿ ಅಪ್ಪನ ಒಂದು ಫೋನಿನಿಂದ ಅಕ್ಕತಮ್ಮ ಇಬ್ಬರೂ ಬರೆಯುವಾಗ ಎರಡನೆಯವರು ಹೊರಗುಳಿಯುತ್ತಾರೆ. ಉತ್ತರಪತ್ರಿಕೆಯ ಫೋಟೋ ಕಳಿಸಿ ಎನ್ನುವ ಪ್ರಶ್ನೆಯೂ ಲಾಗಿನ್ ಕೇಳುತ್ತದೆ, ಮೇಲಾಗಿ ಆ ಫೋಟೋಗಳೆಲ್ಲ ನಿಮ್ಮ ಡ್ರೈವಿನ 15 ಜಿಬಿ ತಿನ್ನುತ್ತವೆ.

ಬಿಟ್ಟ ಸ್ಥಳ ತುಂಬಿ ಎಂಬ ಬಗೆಯ ಪ್ರಶ್ನೆಗೆ ತಾನೇ ಅಂಕ ಕೊಡುವಂತೆ ಮಾಡಬಹುದು, ಆದರೆ ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಮಹಾರಾಷ್ಟ್ರದ ರಾಜಧಾನಿ ಯಾವುದು ಎಂದು ಕೇಳಿ ನೋಡಿ: ಮುಂಬಯಿ, ಮುಂಬೈ, ಮುಂಬಾಯಿ, ಬೊಂಬಾಯಿ. ಊರಿನ ಹೆಸರಿನಲ್ಲೇ ಕನ್ನಡಿಗರು ಒಮ್ಮತಕ್ಕೆ ಬಂದಿಲ್ಲ. ನೀವು ಒಪ್ಪುವ ರೂಪಗಳನ್ನೆಲ್ಲ ಸರಿಯುತ್ತರದ ಪಟ್ಟಿಯಲ್ಲಿ ಹಾಕಬೇಕು, ಇಲ್ಲದಿದ್ದರೆ ಸರಿ ಬರೆದ ಮಗುವಿಗೆ ಸೊನ್ನೆ. ಮೇಲೆ ಹೇಳಿದ ಕಾಣದ ಅಕ್ಷರ ಒಬ್ಬರಲ್ಲಿದ್ದು ಇನ್ನೊಬ್ಬರಲ್ಲಿ ಇಲ್ಲದಿದ್ದರೂ ಅಷ್ಟೆ, ಕಣ್ಣಿಗೆ ಎರಡೂ ಒಂದೇ, ಫಾರ್ಮಿಗೆ ಬೇರೆ. ಕನ್ನಡದಲ್ಲಿ ಬರೆಸುವ ಉತ್ತರವನ್ನು ನೀವೇ ಓದಿ ಅಂಕ ಕೊಡಿ, ಯಂತ್ರಕ್ಕೆ ಬಹುಆಯ್ಕೆ ಮಾತ್ರ ಬಿಡಿ.

ಬಹುಆಯ್ಕೆಯಲ್ಲಿ ತಪ್ಪು ಆಯ್ಕೆಗಳೇ ಮುಖ್ಯ. ತರಬೇತಿಗಳಲ್ಲಿ ಬಟನ್ನು ಎಲ್ಲಿದೆ ಎಂದು ಹೇಳುತ್ತಾರೆ, ಇದನ್ನು ಹೇಳುವುದು ಅಪರೂಪ. 0.5, 0.35, 0.405 ಇವುಗಳಲ್ಲಿ ದೊಡ್ಡದು ಯಾವುದು ಎಂದು ಆರನೇ ತರಗತಿಗೆ ಕೇಳಿದಿರಿ ಎನ್ನಿ. ಹೆಚ್ಚಿನ ಮಕ್ಕಳು 0.5 ಎಂದರೆ ಪಾಠ ತಲೆಗೆ ಹೋಗಿದೆ ಎಂದು ಸಮಾಧಾನ. ಆದರೆ ದಶಮಾಂಶದಲ್ಲಿ ಮಕ್ಕಳು ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಬಿಂದುವಿನ ಬಲಗಡೆಯದನ್ನು ಪೂರ್ಣಸಂಖ್ಯೆಯಂತೆ ಓದಿ, 405 ದೊಡ್ಡದು ಎನ್ನುತ್ತಾರೆ. ಇನ್ನು ಕೆಲವರು ಸಾವಿರದ ಭಾಗ ಚಿಕ್ಕದು ಎಂದು ಕೇಳಿ, ಅಂಕಿ ಹೆಚ್ಚಾದಷ್ಟು ಸಂಖ್ಯೆ ಚಿಕ್ಕದು ಎಂದು ಹಿಡಿದಿರುತ್ತಾರೆ. ಈ ಎರಡನೆಯವರೂ 0.5 ಅನ್ನೇ ಆರಿಸುತ್ತಾರೆ! ಉತ್ತರ ಸರಿ, ತಿಳಿವಳಿಕೆ ತಪ್ಪು. ಅದರ ಬದಲು 0.3, 0.62, 0.457 ಎಂದು ಕೊಡಿ. 0.457 ಆರಿಸಿದವರು ಮೊದಲ ಗುಂಪು, 0.3 ಆರಿಸಿದವರು ಎರಡನೇ ಗುಂಪು, 0.62 ಆರಿಸಿದವರಿಗೆ ಗೊತ್ತಿದೆ. ಒಂದೇ ಪ್ರಶ್ನೆ ತರಗತಿಯನ್ನು ಮೂರಾಗಿ ಬಿಡಿಸಿ ತೋರಿಸುತ್ತದೆ.

ಉತ್ತರಗಳು ಬಂದ ಮೇಲೆ ಫಾರ್ಮಿನ ಸಾರಾಂಶ ಪುಟದಲ್ಲಿ ಹೆಚ್ಚು ಜನ ತಪ್ಪಿದ ಪ್ರಶ್ನೆಗಳ ಪಟ್ಟಿ ಕಾಣುತ್ತದೆ. ಅಲ್ಲಿಗೆ ನಿಲ್ಲಿಸದೆ ಶೀಟಿಗೆ ಕಳಿಸಿ. ಆ ಪ್ರಶ್ನೆಯ ಕಂಬಕ್ಕೆ ಫಿಲ್ಟರ್ ಹಾಕಿ 0.457 ಮಾತ್ರ ಉಳಿಸಿದರೆ ಮೊದಲ ಗುಂಪಿನ ಹಾಜರಿ ಸಂಖ್ಯೆಗಳು ಎದುರಿಗೆ. ಎಷ್ಟು ಮಂದಿ ಎಂದು ಎಣಿಸಲು ಕೌಂಟ್‌ಇಫ್ ಸೂತ್ರ ಸಾಕು. ಮುಖ್ಯೋಪಾಧ್ಯಾಯರು ಕೇಳಿದ ಲೆಕ್ಕ ಇದೇ. ಶೀಟು 0.457 ಅನ್ನು ಸಂಖ್ಯೆಯಾಗಿ ಓದುತ್ತದೆಯೋ ಪಠ್ಯವಾಗಿಯೋ ಎಂಬ ಗೊಂದಲ ಬೇಡವೆಂದರೆ ಆಯ್ಕೆಗಳನ್ನು 'ಅ) 0.3' ಎಂಬಂತೆ ಅಕ್ಷರದಿಂದ ಶುರುಮಾಡಿ. ಆಗ ಎಲ್ಲವೂ ಪಠ್ಯವೇ.

ಮರುದಿನ ಮೊದಲ ಗುಂಪಿಗೆ ರೂಪಾಯಿ ಪೈಸೆಯ ಉದಾಹರಣೆ ಕೊಡುವುದು ನಮ್ಮ ವಾಡಿಕೆ. ಅದು ಎರಡಂಕಿಗೆ ನಿಂತುಹೋಗುತ್ತದೆ, 0.457 ರೂಪಾಯಿ ಎಂದರೆ ಯಾರಿಗೂ ಅರ್ಥವಾಗದು. ಮಾರುಕಟ್ಟೆಯ ಎಲೆಕ್ಟ್ರಾನಿಕ್ ತಕ್ಕಡಿ ವಾಸಿ. ಅದು ಕಿಲೋವನ್ನು ಮೂರು ದಶಮಾಂಶಗಳಲ್ಲಿ ತೋರಿಸುತ್ತದೆ: 0.620, 0.457, 0.300. ಸೊನ್ನೆ ತುಂಬಿಸಿದ ಕೂಡಲೇ ಎರಡೂ ಗುಂಪಿನ ತಪ್ಪು ಒಟ್ಟಿಗೆ ಎದ್ದು ಕಾಣುತ್ತದೆ. ದಾದರಿನ ತರಕಾರಿ ಮಾರುಕಟ್ಟೆಯಲ್ಲಿ ಅಂಥ ತಕ್ಕಡಿಯ ಮುಖದ ಫೋಟೋ ತೆಗೆದುಕೊಂಡು ಬಂದರೆ ಮುಂದಿನ ಫಾರ್ಮಿನ ಚಿತ್ರಪ್ರಶ್ನೆಯೂ ಸಿದ್ಧ.

ಪಾಠವನ್ನು ರೆಕಾರ್ಡು ಮಾಡಿ ಕಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಚಿಕ್ಕದಾಗಿ ಹೇಳುತ್ತೇನೆ. ಚಿತ್ರಕ್ಕಿಂತ ದನಿ ಮುಖ್ಯ. ಫೋನು ಬಾಯಿಂದ ಒಂದು ಗೇಣು ದೂರ, ಫ್ಯಾನು ಬಂದ್, ಹಳಿಯ ಕಡೆಯ ಕಿಟಕಿ ಮುಚ್ಚಿ. ಫೋನಿನ ಪರದೆ ರೆಕಾರ್ಡು ಮಾಡುವಾಗ ದನಿ ಎಲ್ಲಿಂದ ಎಂದು ಕೇಳುತ್ತದೆ. ಅಲ್ಲಿ ಫೋನಿನೊಳಗಿನ ಸದ್ದು ಮಾತ್ರ ಆರಿಸಿದ್ದರೆ ನೀವು ಹೇಳಿದ್ದು ಒಂದಕ್ಷರವೂ ಬರುವುದಿಲ್ಲ, ಆದ್ದರಿಂದ ಮೊದಲು ಹತ್ತು ಸೆಕೆಂಡು ಮಾಡಿ ಕೇಳಿ. ಗಾತ್ರದ ಲೆಕ್ಕವೂ ಗೊತ್ತಿರಲಿ: ಸೆಕೆಂಡಿಗೆ 64 ಕಿಲೋಬಿಟ್‌ನ ದನಿ ಹತ್ತು ನಿಮಿಷಕ್ಕೆ 5 ಎಂಬಿಯೊಳಗೆ ಮುಗಿಯುತ್ತದೆ, 1.5 ಮೆಗಾಬಿಟ್‌ನ ವಿಡಿಯೋ ಅಷ್ಟೇ ಹೊತ್ತಿಗೆ 110 ಎಂಬಿ ದಾಟುತ್ತದೆ. ದಿನದ ಡೇಟಾ ಲೆಕ್ಕ ಹಾಕಿ ಬಳಸುವ ಮನೆಗೆ ಪುಸ್ತಕದ ಪುಟಸಂಖ್ಯೆ ಹೇಳಿ ಮಾಡಿದ ದನಿಪಾಠವೇ ಹೆಚ್ಚು ತಲುಪುತ್ತದೆ. ಬಾಲಭಾರತಿಯ ಪುಸ್ತಕ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತದೆ ಎಂದ ಮಾತ್ರಕ್ಕೆ ಅದರ ಪುಟಗಳನ್ನು ನಿಮ್ಮ ಚಾನೆಲಿಗೆ ಏರಿಸಬಹುದು ಎಂದಲ್ಲ, ಹಕ್ಕು ಮಂಡಳದ್ದು.

ಎಲ್ಲೋ ಸಿಕ್ಕಿಬೀಳುವುದು ಖಂಡಿತ. ಆಗ ಬೇಕಾಗುವುದು ಕೋರ್ಸಲ್ಲ, ಕೇಳಲು ನಾಲ್ಕು ಜನ. ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನಡೆಸಿದ ಕ್ಲಿಕ್ಸ್ ಯೋಜನೆಯಲ್ಲಿ ಬೇರೆ ಬೇರೆ ರಾಜ್ಯಗಳ ಶಿಕ್ಷಕರನ್ನು ಫೋನಿನ ಗುಂಪುಗಳಲ್ಲಿ ವಿಷಯವಾರು ಜೋಡಿಸಿದ್ದರು. ಅಂಥ ಗುಂಪು ಐದಾರು ಶಾಲೆಯ ಕನ್ನಡ ಶಿಕ್ಷಕರೇ ಸೇರಿ ಮಾಡಿಕೊಳ್ಳಬಹುದು. ಹಬ್ಬದ ಶುಭಾಶಯಕ್ಕೆ ಬೇರೆ ಗುಂಪು ಇಡಿ, ಇಲ್ಲದಿದ್ದರೆ ಗಣೇಶ ಚತುರ್ಥಿಯ ಹೊತ್ತಿಗೆ ಕೆಲಸದ ಪ್ರಶ್ನೆಗಳೆಲ್ಲ ಕೆಳಗೆ ಹೂತುಹೋಗುತ್ತವೆ. 'ಸರ್, ಫಾರ್ಮ್ ಓಪನ್ ಆಗ್ತಿಲ್ಲ' ಎಂದರೆ ಯಾರೂ ಉತ್ತರಿಸಲಾರರು. ಏನು ಒತ್ತಿದಿರಿ, ಏನು ಬರಬೇಕಿತ್ತು, ಏನು ಬಂತು, ಫೋನೋ ಕಂಪ್ಯೂಟರೋ, ಯಾವ ಖಾತೆ, ಜೊತೆಗೆ ಪರದೆಯ ಒಂದು ಚಿತ್ರ. ಅರ್ಧ ಸಲ ಇಷ್ಟು ಬರೆಯುವಷ್ಟರಲ್ಲಿ ಉತ್ತರ ತಾನೇ ಹೊಳೆದಿರುತ್ತದೆ. 'ಅನುಮತಿ ಬೇಕು' ಎಂಬ ಸಂದೇಶ ಮಕ್ಕಳಿಗೆ ಬರುತ್ತಿದ್ದರೆ ನೀವು ಬಹುಶಃ ತುಂಬುವವರ ಕೊಂಡಿಯ ಬದಲು ತಿದ್ದುವವರ ವಿಳಾಸ ಕಳಿಸಿದ್ದೀರಿ.

ಹಂಚಿಕೆಯಲ್ಲಿ ದೊಡ್ಡ ಅನಾಹುತ ಅದರ ಉಲ್ಟಾ: ಕೊಂಡಿ ಇರುವ ಯಾರೂ ತಿದ್ದಬಹುದು ಎಂದು ಬಿಟ್ಟ ಶೀಟು. ಅದರಲ್ಲಿ ಮಕ್ಕಳ ಹೆಸರು, ಜನ್ಮದಿನಾಂಕ, ಪೋಷಕರ ನಂಬರು, ಕೆಲವೊಮ್ಮೆ ಆಧಾರ್ ಸಂಖ್ಯೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಮುಖ್ಯ. ಕ್ವಿಜ್ಜಿಗೆ ಹಾಜರಿ ಸಂಖ್ಯೆ ಸಾಕು, ಹೆಸರು ನಿಮ್ಮ ಹಾಜರಿ ಪುಸ್ತಕದಲ್ಲಿ ಇದ್ದೇ ಇದೆ. ಗುಂಪಿಗೆ ಪರದೆಯ ಚಿತ್ರ ಕಳಿಸುವಾಗಲೂ ಹೆಸರಿನ ಕಂಬ ಮರೆಮಾಡಿ.

ಜೂನ್‌ನಲ್ಲಿ ಹೊಸ ತರಗತಿ ಬಂದಾಗ ಹಳೆಯ ಫಾರ್ಮನ್ನೇ ಮತ್ತೆ ಕಳಿಸಬೇಡಿ, ಹಳೆಯ ಉತ್ತರದ ಕೆಳಗೇ ಹೊಸದು ಸೇರಿಕೊಳ್ಳುತ್ತದೆ. ಪ್ರತಿ ಮಾಡಿಕೊಂಡರೆ ಪ್ರಶ್ನೆಗಳು, ಸರಿಯುತ್ತರಗಳು ಬರುತ್ತವೆ, ಹಳೆಯ ಮಕ್ಕಳ ಉತ್ತರ ಬರುವುದಿಲ್ಲ. ಇದನ್ನೆಲ್ಲ ಸ್ವಂತ ಖಾತೆಯಲ್ಲಿ ಮಾಡಿಟ್ಟರೆ ವರ್ಗಾವಣೆಯಾದ ದಿನ ಶಾಲೆಗೆ ಏನೂ ಉಳಿಯುವುದಿಲ್ಲ, ಆದ್ದರಿಂದ ಶಾಲೆಯ ಖಾತೆಯನ್ನೂ ಸಂಪಾದಕರ ಪಟ್ಟಿಗೆ ಸೇರಿಸಿ. ಆ ಶಾಲೆಯ ಖಾತೆಯ ಪರಿಶೀಲನೆಯ ನಂಬರು ನಿವೃತ್ತರಾಗಿ ಊರಿಗೆ ಹೋದವರದ್ದೇ ಇದೆಯೇ ಎಂದೂ ನೋಡಿ, ಹಲವು ಶಾಲೆಗಳಲ್ಲಿ ಹಾಗೇ ಇರುತ್ತದೆ. ಎರಡು ಹಂತದ ಪರಿಶೀಲನೆ ಹಾಕಿದ್ದರೆ ಗೂಗಲ್ ಎಂಟೆಂಟು ಅಂಕಿಯ ಹತ್ತು ಬ್ಯಾಕಪ್ ಕೋಡುಗಳನ್ನು ಕೊಡುತ್ತದೆ. ಅವನ್ನು ಪ್ರಿಂಟು ಮಾಡಿ, ಲಕೋಟೆಗೆ ಹಾಕಿ, ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಇಡಿ. ಒಂದು ಕೋಡು ಒಂದೇ ಸಲ ನಡೆಯುತ್ತದೆ, ಬಳಸಿದ್ದಕ್ಕೆ ಗೆರೆ ಹೊಡೆಯಿರಿ.